ತೊಂಬತ್ತೊಂದನೆಯ ಪುಟ

ಕಳೆದ ತಿಂಗಳು ಮೈಸೂರಿನ ನಮ್ಮ ಮನೆಯ ಪಕ್ಕದಲ್ಲಿ ಹಳೆಯ ಮನೆಯೊಂದನ್ನು ಕೆಡವಿದರು. ನಾಲ್ಕು ದಿನ ನಮ್ಮ ಮನೆಯೊಳಗೆಲ್ಲ ಧೂಳು. ಕಿಟಕಿ ಮುಚ್ಚಿದರೂ ಬಂತು, ಅಕ್ಕಿ ಡಬ್ಬದೊಳಗೂ ಬಂತು. ಮೂರನೆಯ ದಿನ ಅನ್ನದ ತುತ್ತು ಬಾಯಿಗಿಟ್ಟಾಗ ಹಲ್ಲಿನ ನಡುವೆ ಕರಕರ ಎಂದಿತು. ನಮ್ಮ ಯಜಮಾನರು ಮೇಸ್ತ್ರಿಗೆ ಬೈದು ಬರಲು ಎದ್ದು ಹೋದರು. ನಾನು ತಟ್ಟೆಯ ಮುಂದೆ ಹಾಗೆಯೇ ಕುಳಿತುಬಿಟ್ಟೆ. ಆ ಕರಕರ ನನಗೆ ಹಳೆಯ ಪರಿಚಯ. 1981ರ ಬೇಸಿಗೆಯಲ್ಲಿ, ಕುವೈತಿನ ಫಿಂಟಾಸ್‌ನಲ್ಲಿ, ಹೀಗೆಯೇ ಮರಳು ಅಗಿಯುತ್ತಾ ನಾನು ಒಬ್ಬ ಜರ್ಮನ್ ಜನರಲ್‌ನ ಇಡೀ ಸೈನಿಕ ಜೀವನವನ್ನು ಟೈಪ್ ಮಾಡಿದ್ದೆ.

ಆಗ ನಮ್ಮ ಯಜಮಾನರು ಮೀನಾ ಅಲ್ ಅಹ್ಮದಿಯ ತೈಲ ರಿಫೈನರಿಯಲ್ಲಿ ಪಂಪುಗಳ ವಿಭಾಗದ ಎಂಜಿನಿಯರ್. ನಾನು ಹೆಂಡತಿಯ ವೀಸಾದಲ್ಲಿ ಬಂದವಳು, ಹೊರಗೆ ಕೆಲಸ ಮಾಡುವಂತಿರಲಿಲ್ಲ. ಮೈಸೂರಿನಲ್ಲಿ ಸೀನಿಯರ್ ಇಂಗ್ಲಿಷ್ ಟೈಪಿಂಗನ್ನು ಫಸ್ಟ್ ಕ್ಲಾಸಿನಲ್ಲಿ ಪಾಸು ಮಾಡಿದ ಬೆರಳುಗಳು ಮೂರು ವರ್ಷದಿಂದ ಬೇಳೆಯಲ್ಲಿ ಕಲ್ಲು ಆರಿಸುತ್ತಿದ್ದವು. ನನಗೆ ಸುಮ್ಮನೆ ಕೂರುವುದು ಬರುವುದಿಲ್ಲ. ನನ್ನ ಮುಖ ನೋಡಿದರೆ ಅದು ಯಾರಿಗಾದರೂ ಗೊತ್ತಾಗುತ್ತಿತ್ತು ಅಂತ ಕಾಣುತ್ತದೆ, ಏಕೆಂದರೆ ನಮ್ಮ ಕಟ್ಟಡದ ಕೆಳಗೆ ಸ್ಟೇಷನರಿ ಅಂಗಡಿ ಇಟ್ಟಿದ್ದ ಹಮೀದ್ ಒಂದು ದಿನ ತಾನಾಗಿಯೇ ಕೇಳಿದ. ಅವನು ಬಂಟ್ವಾಳ ಕಡೆಯ ಬ್ಯಾರಿ. ಇಕಾಮಾ ಎನ್ನುವ ವಾಸದ ಪರವಾನಗಿಯ ಅರ್ಜಿಗಳನ್ನು ಅರಬಿಯಲ್ಲಿ ಟೈಪ್ ಮಾಡಿಕೊಡುವುದು ಅವನ ಅಂಗಡಿಯ ಮುಖ್ಯ ಕಸುಬು.

"ಸುಶೀಲಕ್ಕ, ನಿಮಗೆ ಇಂಗ್ಲಿಷ್ ಟೈಪಿಂಗ್ ಬರ್ತದಲ್ಲ? ಜರ್ಮನಿಯವರದ್ದು ಒಂದು ದೊಡ್ಡ ಪುಸ್ತಕ ಉಂಟು. ನನ್ನ ಹುಡುಗರಿಗೆ ಅದು ಆಗುದಿಲ್ಲ ಮಾರಾಯ್ರೆ, ಒಂದು ಪುಟಕ್ಕೆ ಇಪ್ಪತ್ತು ತಪ್ಪು ಮಾಡಿ ಇಟ್ಟಿದ್ದಾರೆ."

"ಹೊರಗಡೆ ಬರೋಕ್ಕಾಗಲ್ಲ ಹಮೀದ್."

"ನೀವು ಯಾಕೆ ಬರುದು? ಮೆಷಿನನ್ನು ನಾನೇ ಮೇಲೆ ಹೊತ್ತುಕೊಂಡು ಬರ್ತೇನೆ."

ಹೊತ್ತುಕೊಂಡೇ ಬಂದ, ಮೂರು ಮಹಡಿ. ಹಿಂದೆಯೇ ಪುಸ್ತಕದ ಜರ್ಮನಿಯವರೂ ಬಂದರು. ಅವರ ಹೆಸರು ಡೀಟರ್. ಎಲ್ಲರೂ ಮಿಸ್ಟರ್ ಡೀಟರ್ ಎನ್ನುತ್ತಿದ್ದರು. ರಿಫೈನರಿಗೆ ಸಲಹೆಗಾರರಾಗಿ ಬಂದಿದ್ದವರು, ನಮ್ಮ ಯಜಮಾನರ ಮೇಲಧಿಕಾರಿಯ ಜೊತೆ ಊಟ ಮಾಡುವಂಥವರು. ಐವತ್ತು ದಾಟಿದ, ಬಿಸಿಲಿಗೆ ಮೂಗು ಕೆಂಪಾದ ಮನುಷ್ಯ. ಅವರ ತಂದೆ ಯುದ್ಧಕಾಲದಲ್ಲಿ ಜನರಲ್ ಆಗಿದ್ದರಂತೆ. ಮುದಿ ವಯಸ್ಸಿನಲ್ಲಿ ತನ್ನ ಸೈನಿಕ ಜೀವನವನ್ನು ಬರೆದಿಟ್ಟು ಹಿಂದಿನ ವರ್ಷ ತೀರಿಕೊಂಡಿದ್ದರು. ಮಗ ಅದನ್ನು ಇಂಗ್ಲಿಷಿಗೆ ತಿರುಗಿಸಿ ಕೈಯಲ್ಲಿ ಬರೆದಿದ್ದರು. ಲಂಡನ್ನಿನ ಒಬ್ಬ ಪ್ರಕಾಶಕ ಟೈಪಾದ ಪ್ರತಿ ಕೇಳಿದ್ದ.

"ಒಂದು ಮೂಲ, ಎರಡು ಕಾರ್ಬನ್ ಪ್ರತಿ," ಎಂದರು ಮಿಸ್ಟರ್ ಡೀಟರ್. "ಅಂಚಿನಲ್ಲಿ ಕೆಂಪು ಗೆರೆ ಇರುವ ಪುಟಗಳು ಬೇಡ. ಆಗಸ್ಟಿನಲ್ಲಿ ನನ್ನ ಗುತ್ತಿಗೆ ಮುಗಿಯುತ್ತದೆ, ಅಷ್ಟರಲ್ಲಿ ಖಲಾಸ್ ಆಗಬೇಕು." ಖಲಾಸ್ ಎನ್ನುವ ಮಾತು ಕುವೈತಿನಲ್ಲಿ ಎಲ್ಲರ ಬಾಯಲ್ಲೂ ಇತ್ತು, ಜರ್ಮನ್ನರ ಬಾಯಲ್ಲೂ.

ನನಗೆ ಟೈಪಿಂಗ್ ಕಲಿಸಿದ ಮೇಷ್ಟ್ರು ದಿನಾ ಒಂದೇ ಮಾತು ಹೇಳುತ್ತಿದ್ದರು: "ಅಕ್ಷರ ಕಣ್ಣಿಂದ ಬೆರಳಿಗೆ ಇಳೀಬೇಕಮ್ಮ. ತಲೆಗೆ ಹೋಗಿ ಬಂತೋ, ಸ್ಪೀಡ್ ಹೋಯ್ತು." ಟೈಪ್ ಮಾಡುವವಳು ಓದಬಾರದು. ನಾನು ಆ ಪಾಠವನ್ನು ಚೆನ್ನಾಗಿಯೇ ಕಲಿತಿದ್ದೆ. ಜನರಲ್‌ನ ಬಾಲ್ಯ, ಅವನ ಸೈನಿಕ ಶಾಲೆ, ಮೊದಲ ಮಹಾಯುದ್ಧ ಎಲ್ಲ ನನ್ನ ಬೆರಳಿನಿಂದ ಇಳಿದು ಹೋದವು, ತಲೆಯೊಳಗೆ ಒಂದು ಸಾಲೂ ನಿಲ್ಲಲಿಲ್ಲ.

ನಿಲ್ಲುತ್ತಿದ್ದದ್ದು ಶುಕ್ರವಾರ. ಅದು ಅಲ್ಲಿ ರಜೆಯ ದಿನ. ಬೆಳಿಗ್ಗೆ ಕಾಫಿ ಕುಡಿದು ನಮ್ಮ ಯಜಮಾನರು ಕೈಬರಹದ ಪ್ರತಿಯನ್ನು ಗಟ್ಟಿಯಾಗಿ ಓದುತ್ತಿದ್ದರು, ನಾನು ಟೈಪಾದದ್ದನ್ನು ತಾಳೆ ನೋಡುತ್ತಿದ್ದೆ. ಹಾಗೆ ವಾರಕ್ಕೊಂದು ಕಂತಿನಲ್ಲಿ ಜನರಲ್ ನಮ್ಮ ಮನೆಗೆ ಬಂದ. ಹದಿನೆಂಟನೆಯ ವಯಸ್ಸಿಗೆ ಕುದುರೆ ಸವಾರಿ ಪಡೆಯಲ್ಲಿ ಲೆಫ್ಟಿನೆಂಟ್. ಸೋತ ದೇಶದ ಸಣ್ಣ ಸೈನ್ಯದಲ್ಲಿ ಹದಿನೈದು ವರ್ಷ ಬಡ್ತಿಗೆ ಕಾದವನು. ಕುದುರೆ ಹೋಗಿ ಟ್ಯಾಂಕು ಬಂದಾಗ ಮೊದಲು ಹತ್ತಿದವನು. ಪೋಲೆಂಡ್, ಫ್ರಾನ್ಸ್, ಆಮೇಲೆ ಆಫ್ರಿಕಾದ ಮರಳುಗಾಡು. ಸತ್ತ ಕುದುರೆಯ ಬಗ್ಗೆ ಎರಡು ಪುಟ ಬರೆದಿದ್ದ, ಸತ್ತ ಜನರ ಬಗ್ಗೆ ಒಂದು ಸಾಲು.

"ಏನ್ ಸೊಕ್ಕು ಕಣೇ ಈ ವಯ್ಯಂದು," ಎನ್ನುತ್ತಿದ್ದರು ನಮ್ಮ ಯಜಮಾನರು. ಆದರೂ ಮುಂದಿನ ಶುಕ್ರವಾರಕ್ಕೆ ಕಾಯುತ್ತಿದ್ದರು.

ಜೂನ್ ಮೊದಲ ವಾರದಲ್ಲಿ ಧೂಳುಗಾಳಿ ಶುರುವಾಯಿತು. ಅಲ್ಲಿನವರು ಅದನ್ನು ತೋಝ್ ಎನ್ನುತ್ತಾರೆ. ಮಧ್ಯಾಹ್ನವೇ ಆಕಾಶ ಇಟ್ಟಿಗೆ ಬಣ್ಣಕ್ಕೆ ತಿರುಗಿ, ಎದುರಿನ ಸಮುದ್ರ ಕಾಣಿಸದೆ ಹೋಗುತ್ತಿತ್ತು. ಕಿಟಕಿಯ ಸಂದಿಗೆಲ್ಲ ಒದ್ದೆ ಬಟ್ಟೆ ತುರುಕಿದರೂ ಟೈಪ್‌ರೈಟರಿನ ಅಕ್ಷರಗಳಲ್ಲಿ ಧೂಳು ಕೂರುತ್ತಿತ್ತು. 'ಇ' ಮತ್ತು 'ಒ' ಹೊಟ್ಟೆ ತುಂಬಿಕೊಂಡು ಬರಿ ಕಪ್ಪು ಚುಕ್ಕೆಯಾಗಿ ಬೀಳುತ್ತಿದ್ದವು. ಪ್ರತಿ ಐದು ಪುಟಕ್ಕೊಮ್ಮೆ ಸೇಫ್ಟಿ ಪಿನ್ನಿನಿಂದ ಅವುಗಳ ಹೊಟ್ಟೆ ಬಿಡಿಸಬೇಕಾಗಿತ್ತು. ಅಂಥದ್ದೇ ಒಂದು ವಾರದಲ್ಲಿ, ಕಣ್ಣು ಉರಿಯುತ್ತಿದ್ದಾಗ, ನಾನು ತಪ್ಪು ಮಾಡಿದೆ.

ಅದು ಗೊತ್ತಾದದ್ದು ಶುಕ್ರವಾರ. ಓದುತ್ತಿದ್ದ ಯಜಮಾನರು ನಿಲ್ಲಿಸಿದರು. "ಸುಶೀ, ಈ ಪುಟಕ್ಕೆ ಕೆಂಪು ಗೆರೆ ಇದೆಯಲ್ಲೇ. ಬೇಡ ಅಂದಿದ್ರಲ್ಲ ಇದನ್ನ?"

ನೋಡಿದೆ. ಅಂಚಿನಲ್ಲಿ ತೆಳ್ಳಗೆ ಕೆಂಪು ಗೆರೆ ಇತ್ತು. ಬರೀ ಅಕ್ಷರ ನೋಡುವ ಕಣ್ಣಿಗೆ ಅಂಚು ಕಂಡಿರಲಿಲ್ಲ. ತೊಂಬತ್ತೊಂದನೆಯ ಪುಟವೆಂದು ನಂಬರ್ ಹಾಕಿ ಅದನ್ನೂ ಟೈಪ್ ಮಾಡಿಬಿಟ್ಟಿದ್ದೆ.

"ಮಾಡಿದ್ದಾಯ್ತಲ್ಲ, ಓದಿ, ಏನಿದೆ ನೋಡೋಣ," ಎಂದೆ.

ಓದಿದರು. ಆಗ ಜನರಲ್ ಇನ್ನೂ ಕರ್ನಲ್. ಇಂಗ್ಲಿಷರ ಸೈನ್ಯ ಸಮುದ್ರತೀರದ ರಸ್ತೆಯಲ್ಲಿ ಹಿಂದೆ ಓಡುತ್ತಿತ್ತು. ಅದಕ್ಕೆ ಅಡ್ಡ ಹಾಕಲು ಅವನ ಟ್ಯಾಂಕುಗಳು ಬೆಳಗಿನ ಜಾವ ಒಂದು ಕಡೆ ದಾಟಬೇಕಾಗಿತ್ತು. ಅಲ್ಲಿ ಎರಡು ಬತ್ತಿದ ಬಾವಿಗಳು, ಒಂದರ ಪಕ್ಕ ಗುರುತಿಗೆ ಇಟ್ಟ ಬಿಳಿ ಪೀಪಾಯಿ. ಸುತ್ತ ನೆಲದಲ್ಲಿ ಹೂತಿಟ್ಟ ಸಿಡಿಮದ್ದು. ಕಾವಲಿಗೆ ಸಿಡಿಮದ್ದು ಹೂಳುವ ಕೆಲಸದ ಇಂಡಿಯನ್ನರ ಒಂದು ತುಕಡಿ, ಕೈಯಲ್ಲಿ ಸಲಿಕೆ ಮತ್ತು ರೈಫಲ್ ಮಾತ್ರ. ಅರ್ಧ ಗಂಟೆಯ ಕೆಲಸ ಎಂದುಕೊಂಡಿದ್ದನಂತೆ. ಇವನ ಜನ ದಾರಿ ಬಿಡಿಸಿದಷ್ಟೂ ಅವರು ತೆವಳಿಕೊಂಡು ಬಂದು ಮತ್ತೆ ಹೂಳುತ್ತಿದ್ದರು. ಸಂಜೆಯವರೆಗೆ ದಾಟಲಾಗಲಿಲ್ಲ. ಅಷ್ಟರಲ್ಲಿ ಇಂಗ್ಲಿಷರ ಸೈನ್ಯ ರಸ್ತೆಯಲ್ಲಿ ತಪ್ಪಿಸಿಕೊಂಡಿತ್ತು. ಕೊನೆಗೆ ಜೀವಂತ ಸಿಕ್ಕವರು ಹನ್ನೊಂದು ಜನ, ಎಲ್ಲರೂ ಗಾಯಗೊಂಡವರು. "ಆ ದಿನಕ್ಕಾಗಿ ನನಗೆ ಛೀಮಾರಿಯಾಯಿತು, ಬಡ್ತಿ ತಡವಾಯಿತು. ಅವರಷ್ಟು ಗಟ್ಟಿ ಜನರನ್ನು ನಾನು ಮತ್ತೆ ಕಾಣಲಿಲ್ಲ" ಎಂದು ಪುಟ ಮುಗಿದಿತ್ತು.

ಆ ಹಾಳೆಯನ್ನು ಅವರ ಕೈಯಿಂದ ಕಿತ್ತುಕೊಂಡು ಮತ್ತೆ ಓದಿದೆ. ಎರಡು ಬಾವಿ, ಬಿಳಿ ಪೀಪಾಯಿ. ಈ ಮಾತನ್ನು ನಾನು ಹಿಂದೆ ಒಂದೇ ಒಂದು ಬಾಯಲ್ಲಿ ಕೇಳಿದ್ದೆ.

ನಮ್ಮಪ್ಪ ರಂಗಪ್ಪ ಕೆ.ಆರ್. ಪೇಟೆಯವರು. ಎರಡನೆಯ ಮಹಾಯುದ್ಧದ ಕಾಲಕ್ಕೆ ಬೆಂಗಳೂರಿನಲ್ಲಿ ಸೈನ್ಯಕ್ಕೆ ಸೇರಿ, ಸೇತುವೆ ಕಟ್ಟುವ, ಸಿಡಿಮದ್ದು ಹೂಳುವ ಪಡೆಯಲ್ಲಿ ಮರಳುಗಾಡಿಗೆ ಹೋದವರು. ಅಲ್ಲಿ ಸೆರೆ ಸಿಕ್ಕಿ, ಮೂರು ವರ್ಷ ಯಾವ್ಯಾವುದೋ ದೇಶದ ಶಿಬಿರಗಳಲ್ಲಿದ್ದು, ಮೂಳೆ ಚಕ್ಕಳವಾಗಿ ಊರಿಗೆ ಬಂದರು. ಹೇಗಪ್ಪಾ ಸಿಕ್ಕಿಬಿದ್ದೆ ಎಂದು ಊರಿನವರು ಕೇಳಿದಾಗ "ಕೈ ಎತ್ತಿದೆವು" ಎಂದು ನಿಜ ಹೇಳಿದರಂತೆ. ಅಷ್ಟು ಸಾಕಾಯಿತು. ಅವತ್ತಿನಿಂದ ಅವರು ಊರಿಗೆ ಹ್ಯಾಂಡ್ಸಪ್ ರಂಗಪ್ಪ. ಪಿಡಬ್ಲ್ಯುಡಿಯಲ್ಲಿ ರಸ್ತೆ ಕೆಲಸದ ಮೇಸ್ತ್ರಿಯಾಗಿ ಸೈಕಲ್ಲಿನಲ್ಲಿ ಹೋಗುವಾಗ ಸೊಸೈಟಿ ಕಟ್ಟೆಯ ಮೇಲೆ ಕೂತವರು ಎರಡೂ ಕೈ ಮೇಲೆತ್ತಿ ನಗುತ್ತಿದ್ದರು. ಅಪ್ಪ ತಲೆ ತಗ್ಗಿಸಿ ಹೋಗುತ್ತಿದ್ದರು. ಶಾಲೆಯಲ್ಲಿ ಉತ್ತರ ಗೊತ್ತಿದ್ದವರು ಕೈ ಎತ್ತಿ ಎಂದು ಮೇಷ್ಟ್ರು ಹೇಳಿದಾಗ ನಾನು ಎತ್ತಿದರೆ ಹಿಂದಿನ ಬೆಂಚಿನಿಂದ "ಎರಡೂ ಎತ್ತಬೇಡ ಕಣೇ, ನಿಮ್ಮಪ್ಪನ ಥರ" ಎಂಬ ಮಾತು ಬರುತ್ತಿತ್ತು. ಆಮೇಲೆ ನಾನು ಕೈ ಎತ್ತುವುದನ್ನೇ ಬಿಟ್ಟೆ. ಉತ್ತರ ಗೊತ್ತಿದ್ದೂ ಬಾಯಿ ಮುಚ್ಚಿಕೊಂಡು ಕೂತ ಆ ವರ್ಷಗಳ ಸಂಕಟ ನನಗೆ ಇವತ್ತಿಗೂ ಮರೆತುಹೋಗಿಲ್ಲ.

ಯುದ್ಧದ ಬಗ್ಗೆ ಅಪ್ಪ ಬಾಯಿ ಬಿಡುತ್ತಿರಲಿಲ್ಲ. ಒಮ್ಮೆ ಜ್ವರ ಬಂದಾಗ ಮಾತ್ರ ನೀರು, ನೀರು ಎಂದು, ಎರಡು ಬಾವಿ ಇದ್ದವು, ಎರಡೂ ಬತ್ತಿದ್ದವು, ಬಿಳಿ ಪೀಪಾಯಿಯೂ ಖಾಲಿ ಎಂದು ಕನವರಿಸಿದ್ದರು.

"ನಮ್ಮಪ್ಪ ಆ ಹನ್ನೊಂದು ಜನರಲ್ಲಿ ಒಬ್ಬರು ಕಣ್ರೀ," ಎಂದೆ. "ಇಡೀ ದಿನ ಹೋರಾಡಿ ಸಿಕ್ಕಿಬಿದ್ದವರು. ಶತ್ರುವೇ ಬರೆದಿದಾನೆ ನೋಡಿ! ಈ ಹಾಳೆನ ಸೊಸೈಟಿ ಕಟ್ಟೆ ಮೇಲೆ ಅಂಟಿಸಿ ಬರ್ತೀನಿ ನಾನು."

"ಮಾವನೋರನ್ನ ಕೇಳು ಮೊದಲು."

ಅವತ್ತೇ ಏರೋಗ್ರಾಮ್ ಬರೆದು ಹಾಕಿದೆ. ಪುಟದ ಸಾರವನ್ನೆಲ್ಲ ಕನ್ನಡದಲ್ಲಿ ಬರೆದೆ. ಉತ್ತರಕ್ಕೆ ಆರು ವಾರ ಬೇಕು. ಅಷ್ಟರಲ್ಲಿ ನಾನು ಇನ್ನೊಂದು ನಿರ್ಧಾರ ಮಾಡಿದೆ. ತೊಂಬತ್ತೊಂದನ್ನು ತೆಗೆಯದೆ, ಮುಂದಿನ ಪುಟಕ್ಕೆ ತೊಂಬತ್ತೆರಡು ಎಂದೇ ಹಾಕಿ ಕೆಲಸ ಮುಂದುವರಿಸಿದೆ. ಆಮೇಲೆ ಅದೊಂದನ್ನು ತೆಗೆಯಬೇಕಾದರೆ ಒಂದೋ ಉಳಿದ ನೂರೈವತ್ತು ಪುಟ ಮತ್ತೆ ಟೈಪಾಗಬೇಕು, ಇಲ್ಲವೇ ನಡುವೆ ಒಂದು ಪುಟ ಕಾಣೆಯಾಗಿದೆಯೆಂದು ಲಂಡನ್ನಿನವನಿಗೆ ಕಾಣಬೇಕು. ಮೊದಲು ಮಾಡಿದ್ದು ತಪ್ಪು, ಇದು ಬೇಕೆಂದೇ ಮಾಡಿದ್ದು.

ಯಜಮಾನರಿಗೆ ಭಯ. "ಆತ ಒಂದು ಮಾತು ಆಡಿದ್ರೆ ನನ್ನ ಬಾಸ್ ಕೇಳ್ತಾನೆ ಕಣೇ. ನಮ್ಮ ವೀಸಾಗೆ ಹೊಣೆಯಾದ ಕಫೀಲ್‌ವರೆಗೂ ಹೋದ್ರೆ, ಮನೇಲಿ ಕೂತು ಕೆಲಸ ಮಾಡಿದ್ದೂ ಹೊರಗೆ ಬರುತ್ತೆ. ಇಕಾಮಾನೇ ಹೋದ್ರೆ ಏನ್ಮಾಡ್ತೀಯ?"

"ಊರಿಗೆ ಹೋಗ್ತೀನಿ, ತಲೆ ಎತ್ಕೊಂಡು," ಎಂದೆ. ಹೇಳುವುದು ಸುಲಭವಾಗಿತ್ತು.

ಜುಲೈ ತಿಂಗಳೆಲ್ಲ ಟೈಪ್ ಮಾಡಿದೆ. ಎ.ಸಿ. ನಿಂತ ದಿನ ಕೀಲಿಗಳು ಬೆರಳು ಸುಡುತ್ತಿದ್ದವು, ಕಾರ್ಬನ್ ಮೆತ್ತಗಾಗಿ ಹಾಳೆಗೆ ಅಂಟುತ್ತಿತ್ತು. ಈಗ ನಾನು ಮೇಷ್ಟ್ರ ಪಾಠವನ್ನು ಬಿಟ್ಟು ಪ್ರತಿ ಸಾಲನ್ನೂ ಓದುತ್ತಿದ್ದೆ, ಸ್ಪೀಡ್ ಹೋದರೆ ಹೋಗಲಿ ಎಂದು. ಕರ್ನಲ್ ಜನರಲ್ ಆದ, ಕೊರಳಿಗೆ ಪದಕ ಬಂತು, ರಷ್ಯಾದ ಹಿಮಕ್ಕೆ ಹೋದ. ಅಲ್ಲಿ ಒಂದು ಚಳಿಗಾಲದಲ್ಲಿ "ನಮ್ಮ ಹಿಂಬದಿಯ ಏಳು ಹಳ್ಳಿಗಳನ್ನು ತೆರವು ಮಾಡಲಾಯಿತು" ಎಂದಿತ್ತು. ಅಷ್ಟೇ. ಹಿಮದಲ್ಲಿ ಏಳು ಹಳ್ಳಿಯ ಜನ ಎಲ್ಲಿಗೆ ಹೋದರು ಎಂದು ಮುಂದಿನ ಪುಟದಲ್ಲಿ ಹುಡುಕಿದೆ, ಅದರ ಮುಂದಿನದರಲ್ಲೂ ಹುಡುಕಿದೆ. ಎಲ್ಲೂ ಇರಲಿಲ್ಲ. ಆ ಪುಟಕ್ಕೆ ಕೆಂಪು ಗೆರೆಯೂ ಇರಲಿಲ್ಲ. ಅವತ್ತು ನನಗೆ ಈ ಮನುಷ್ಯನ ಮೇಲೆ ಹೇಸಿಗೆ ಹುಟ್ಟಿತು, ಅವನ ಅಕ್ಷರ ನನ್ನ ಬೆರಳಿನಿಂದ ಬರುತ್ತಿದೆಯಲ್ಲ ಎಂದು ಎದ್ದು ಹೋಗಿ ಕೈ ತೊಳೆದುಕೊಂಡೆ. ಕೊನೆಯ ಅಧ್ಯಾಯದಲ್ಲಿ ಅವನೂ ಇಂಗ್ಲಿಷರಿಗೆ ಶರಣಾಗಿ ಎರಡು ವರ್ಷ ಶಿಬಿರದಲ್ಲಿ ಟೊಮೇಟೊ ಬೆಳೆಸಿದ. ಅದಕ್ಕೆ "ಗೌರವಯುತ ಶರಣಾಗತಿ" ಎಂದು ಹೆಸರು. ಜನರಲ್ ಕೈ ಎತ್ತಿದರೆ ಗೌರವ, ರಂಗಪ್ಪ ಎತ್ತಿದರೆ ನಗೆಪಾಟಲು.

ಅಪ್ಪನ ಕಾಗದ ಆಗಸ್ಟ್ ಮೊದಲ ವಾರದಲ್ಲಿ ಬಂತು. ನಿಂತಲ್ಲೇ ಒಡೆದು ಓದಿದೆ.

"ಚಿ. ಸೌ. ಸುಶೀಲೆಗೆ ನಿನ್ನ ತಂದೆ ಮಾಡುವ ಆಶೀರ್ವಾದ. ಇಲ್ಲಿ ಎಲ್ಲರೂ ಕ್ಷೇಮ. ನೀನು ಬರೆದ ಸ್ಥಳ ಅದೇ. ಆದರೆ ಅಲ್ಲಿ ನಿಂತವರು ನಾವಲ್ಲ. ಅವರು ನಮ್ಮ ಪಕ್ಕದ ಕಂಪನಿಯವರು. ಹಿಂದಿನ ದಿನ ನಾವೂ ಅಲ್ಲೇ ಇದ್ದೆವು, ಸಂಜೆ ನಮ್ಮನ್ನು ಎರಡು ಮೈಲಿ ಆಚೆಗೆ ಕಳಿಸಿದರು. ಬೆಳಿಗ್ಗೆ ತಿಂಡಿ ಹೊತ್ತಿಗೆ ಮೂರು ಟ್ಯಾಂಕು ಬಂದವು. ನಾವು ಕೈ ಎತ್ತಿದೆವು. ನಾನೂ ಎತ್ತಿದೆ. ಆಮೇಲೆ ತಲೆಯ ಮೇಲೆ ಕೈಯಿಟ್ಟುಕೊಂಡು ಸಂಜೆಯವರೆಗೆ ಕುಳಿತು ಪಕ್ಕದ ಕಂಪನಿಯವರ ಗುಂಡಿನ ಸದ್ದು ಕೇಳಿದೆವು. ಸದ್ದು ನಿಂತ ಮೇಲೆ ಅವರಲ್ಲಿ ಇಬ್ಬರನ್ನು ನಮ್ಮ ಲಾರಿಗೆ ಹಾಕಿದರು. ಒಬ್ಬನ ತಲೆ ನನ್ನ ತೊಡೆಯ ಮೇಲಿತ್ತು. ತೆಲುಗಿನವನು. ಹೆಸರು ಕೇಳಲು ನನಗೆ ಮುಖವಿರಲಿಲ್ಲ. ದಾರಿಯಲ್ಲೇ ತೀರಿಕೊಂಡ. ಊರಿನವರು ಏನೆಂದು ಕರೆದರೂ ನಾನು ಯಾಕೆ ಸುಮ್ಮನಿದ್ದೆ ಎಂದು ನಿನಗೆ ಈಗ ತಿಳಿಯಬಹುದು. ಆ ಹಾಳೆಗೆ ನನ್ನ ಹೆಸರು ಹಚ್ಚಬೇಡ. ಆದರೆ ಅದನ್ನು ತೆಗೆಯಲೂ ಬಿಡಬೇಡ ಮಗಳೇ. ಅವರ ಪರವಾಗಿ ಹೇಳುವವರು ಇನ್ನು ಯಾರೂ ಇಲ್ಲ. ಆ ಜರ್ಮನಿಯವನೊಬ್ಬ ಹೇಳಿದ್ದಾನೆ."

ನನಗೆ ಮೊದಲು ಬಂದದ್ದು ಕೋಪ. ಹೌದು ಮಗಳೇ, ನಾನೇ ಎಂದು ಒಂದು ಸಾಲು ಬರೆದಿದ್ದರೆ ಏನಾಗುತ್ತಿತ್ತು? ಯಾರು ಹೋಗಿ ಕೇಳುತ್ತಿದ್ದರು? ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ. ಅತ್ತು ಮುಗಿಯುವ ಹೊತ್ತಿಗೆ ಕೋಪ ಹೋಗಿ ನಾಚಿಕೆ ಬಂದಿತ್ತು. ಎರಡು ತಿಂಗಳಿಂದ ನಾನು ಯಾರದೋ ಶೌರ್ಯವನ್ನು ನಮ್ಮ ಮನೆಗೆ ಹೊತ್ತು ತರಲು ಹೊರಟಿದ್ದೆ.

"ಇನ್ನಾದ್ರೂ ಬಿಟ್ಬಿಡು," ಎಂದರು ಯಜಮಾನರು. "ಮಾವನೋರೇ ಅಲ್ಲ ಅಂದ್ಮೇಲೆ ನಮಗ್ಯಾಕೆ? ಇನ್ನೂ ಎರಡು ವಾರ ಇದೆ, ನಂಬರ್ ತಿದ್ದಿ ಟೈಪ್ ಮಾಡ್ಬಹುದು."

"ನಾನು ಹುಟ್ಟಿದ ಮೇಲೆ ಅಪ್ಪ ನನ್ನ ಹತ್ರ ಏನೂ ಕೇಳಿಲ್ಲ," ಎಂದೆ. "ಇದೊಂದು ಕೇಳಿದಾರೆ."

ಯಜಮಾನರು ಕೈಬರಹದ ಪ್ರತಿಯನ್ನು ತೆಗೆದು ಉಳಿದ ಪುಟಗಳನ್ನು ಓದಲು ಕುಳಿತರು. ಒಳ್ಳೆಯ ಮನುಷ್ಯ, ಗೊಣಗಿದರೂ ಕೊನೆಗೆ ಜೊತೆಯಲ್ಲಿ ನಿಲ್ಲುತ್ತಾರೆ.

ಮಿಸ್ಟರ್ ಡೀಟರ್ ಬಂದದ್ದು ಒಂದು ಶುಕ್ರವಾರ ಮಧ್ಯಾಹ್ನ, ಹೊರಗೆ ತೋಝ್ ಹೊಡೆಯುತ್ತಿದ್ದಾಗ. ಹಮೀದನೂ ಜೊತೆಗಿದ್ದ. ಮುಖ ಒರೆಸಿಕೊಂಡು, ನಿಂಬೆ ಶರಬತ್ತು ಕುಡಿದು, ಕಟ್ಟು ಬಿಚ್ಚಿದರು. ನಾನೇ ಮುಂದಾಗಿ ಹೇಳಿದೆ: ತೊಂಬತ್ತೊಂದನೆಯ ಪುಟ ನೀವು ಬೇಡವೆಂದದ್ದು. ಮೊದಲು ತಪ್ಪಿನಿಂದ ಟೈಪ್ ಮಾಡಿದೆ, ಆಮೇಲೆ ಬೇಕೆಂದೇ ಇಟ್ಟೆ.

ಅವರ ಮೂಗಿನ ಕೆಂಪು ಕಿವಿಯವರೆಗೆ ಹೋಯಿತು. "ಅದು ನನ್ನ ತಂದೆಯ ಜೀವನದ ಒಂದೇ ಕಳಂಕ. ತೆಗೆಯಿರಿ, ಉಳಿದದ್ದನ್ನು ಮತ್ತೆ ಟೈಪ್ ಮಾಡಿ."

"ಮಾಡುವುದಿಲ್ಲ," ಎಂದೆ. ನನ್ನ ಧ್ವನಿ ನನಗೇ ಅಪರಿಚಿತವಾಗಿತ್ತು. "ಒಂದೇ ಕಳಂಕ ಎನ್ನುತ್ತೀರಿ. ನೂರ ಅರವತ್ತನೆಯ ಪುಟದಲ್ಲಿ ಏಳು ಹಳ್ಳಿ ತೆರವು ಮಾಡಿದರಲ್ಲ, ಆ ಜನ ಎಲ್ಲಿಗೆ ಹೋದರು ಮಿಸ್ಟರ್ ಡೀಟರ್? ಅದಕ್ಕೆ ನೀವು ಕೆಂಪು ಗೆರೆ ಹಾಕಿಲ್ಲ."

ಹಮೀದ್ ಗ್ಲಾಸು ಕೆಳಗಿಟ್ಟು "ಯಾ ಅಲ್ಲಾ" ಎಂದು ಮೆಲ್ಲಗೆ ಹೇಳಿದ. ಯಜಮಾನರು ಕಿಟಕಿಯ ಕಡೆ ತಿರುಗಿದರು. ಮಿಸ್ಟರ್ ಡೀಟರ್ ಎದ್ದು ಹೋಗುತ್ತಾರೆ ಎಂದುಕೊಂಡೆ. ಅವರು ಹೋಗಲಿಲ್ಲ.

"ಕೇಳಿದ್ದೆ," ಎಂದರು. "ತಂದೆಯನ್ನು ಎರಡು ಸಲ ಕೇಳಿದ್ದೆ. ಅವರು ಪತ್ರಿಕೆ ಓದುವುದನ್ನು ಮುಂದುವರಿಸಿದರು."

ನಾನು ಅಪ್ಪನ ಕಾಗದ ತಂದು, ಒಂದೊಂದೇ ಸಾಲನ್ನು ಇಂಗ್ಲಿಷಿನಲ್ಲಿ ಹೇಳಿದೆ. ಕೈ ಎತ್ತಿದ್ದು, ಇಡೀ ದಿನ ಸದ್ದು ಕೇಳಿದ್ದು, ತೊಡೆಯ ಮೇಲಿನ ತಲೆ. ಮುಖವಿರಲಿಲ್ಲ ಎನ್ನುವುದನ್ನು ಇಂಗ್ಲಿಷಿನಲ್ಲಿ ಹೇಗೆ ಹೇಳಬೇಕೆಂದು ಗೊತ್ತಾಗದೆ ತಡವರಿಸಿದೆ. ಅವರಿಗೆ ಅರ್ಥವಾಗಿತ್ತು.

"ಹಾಗಾದರೆ ಈ ಪುಟದಿಂದ ನಿಮಗೇನೂ ಇಲ್ಲ," ಎಂದರು.

"ಇಲ್ಲ."

"ಆದರೆ ನೀವು ಕೇಳಿದಿರಿ, ನಿಮ್ಮ ತಂದೆ ಉತ್ತರ ಕೊಟ್ಟರು." ತೊಂಬತ್ತೊಂದನೆಯ ಹಾಳೆಯನ್ನು ತೆಗೆದು ಓದಿದರು. ಮತ್ತೆ ಅದರ ಜಾಗದಲ್ಲೇ ಸೇರಿಸಿ ಅಂಚು ಸಮ ಮಾಡಿದರು. "ಖಲಾಸ್. ಇರಲಿ."

ಆಮೇಲೆ ನೂರ ಅರವತ್ತನ್ನು ಹುಡುಕಿ ನನ್ನ ಕೈಗೆ ಕೊಟ್ಟು, ಕೆಳಗೆ ಒಂದು ಸಾಲು ಸೇರಿಸಲು ಆಗುತ್ತದೆಯೇ ಎಂದು ಕೇಳಿದರು. ಒಮ್ಮೆ ಹೊರಗೆ ಬಂದ ಹಾಳೆಯನ್ನು ಮೆಷಿನ್ನಿಗೆ ಹಾಕಿ ಸಾಲಿಗೆ ಸಾಲು ಕೂರಿಸುವುದು ಕಷ್ಟ. ಕೂರಿಸಿದೆ. ಅವರು ಹೇಳಿದರು, ನಾನು ಹೊಡೆದೆ: ಇಲ್ಲಿನ ಜನರಿಗೆ ಏನಾಯಿತೆಂದು ನಾನು ಕೇಳಿದೆ, ನನ್ನ ತಂದೆ ಉತ್ತರ ಹೇಳಲಿಲ್ಲ. ಹೊರಡುವಾಗ ತೊಂಬತ್ತೊಂದರ ಒಂದು ಕಾರ್ಬನ್ ಪ್ರತಿಯನ್ನು ತಾವೇ ತೆಗೆದು ನಿಮ್ಮ ತಂದೆಗೆ ಎಂದು ಮೇಜಿನ ಮೇಲಿಟ್ಟರು. ಮರುದಿನವೇ ಅದನ್ನು ಅಂಚೆಗೆ ಹಾಕಿದೆ.

ಅದಕ್ಕೆ ಅಪ್ಪನಿಂದ ಉತ್ತರ ಬರಲಿಲ್ಲ. ಅಮ್ಮನಿಂದ ಬಂತು. ಅಮ್ಮ ಕಾಗದ ಬರೆಯುವವಳಲ್ಲ, ಮಾತಾಡಿದ ಹಾಗೆಯೇ ಬರೆದಿದ್ದಳು.

"ಸುಶೀ, ನಿಮ್ಮಪ್ಪ ಆ ಹಾಳೆನ ಮೂರು ದಿವಸ ಇಟ್ಕೊಂಡು ಕನ್ನಡದಲ್ಲಿ ಬರೆದ್ರು. ಆದಿತ್ಯವಾರ ಸೊಸೈಟಿ ಕಟ್ಟೆಗೆ ಹೋದ್ರು. ಹೋಗ್ಬೇಡಿ ಅಂದೆ, ಕೇಳಲಿಲ್ಲ, ಹಿಂದೇನೇ ಹೋದೆ. ಅಲ್ಲಿ ಒಬ್ಬ ಎರಡೂ ಕೈ ಎತ್ತಿದ. ಇವರು ತಲೆ ತಗ್ಗಿಸಲಿಲ್ಲ. ಹೌದಪ್ಪ, ನಾನು ಎತ್ತಿದ್ದೆ, ಎತ್ತದೆ ನಿಂತೋರ ಕತೆ ಹೇಳ್ತೀನಿ, ಕೈ ಇಳಿಸಿ ಕೇಳು ಅಂದ್ರು. ನಿಂತ್ಕೊಂಡು ಕೊನೇವರೆಗೂ ಓದಿದ್ರು. ಮೂವತ್ತೈದು ವರ್ಷ ಸಂಸಾರ ಮಾಡಿದೀನಿ ಕಣೇ, ಈ ಮನುಷ್ಯನ ಧ್ವನಿ ರಸ್ತೆಯಾಚೆಗೂ ಕೇಳುತ್ತೆ ಅಂತ ನನಗೆ ಗೊತ್ತೇ ಇರಲಿಲ್ಲ."